ಮೊದಲು ಹೆಸರು, ಆಮೇಲೆ ವಿವರ: ‘ನಾನು ಕೊಂಡ ಬೆಲ್ಲ’ವನ್ನು ಇಂಗ್ಲಿಷ್‌ನಲ್ಲಿ ಹೇಳೋದು ಹೇಗೆ

ಮಂಡ್ಯದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಡಿಗ್ರಿ ಓದೋ ಮಕ್ಕಳು, ಅಂಗಡಿ ಇಟ್ಟುಕೊಂಡವರು, ಬೆಳಿಗ್ಗೆ ಟ್ರೇನಿನಲ್ಲಿ ಮೈಸೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುವವರು, ಎಲ್ಲರೂ ಬರುತ್ತಾರೆ. ಓದು ಬೇರೆ ಬೇರೆ, ವಯಸ್ಸು ಬೇರೆ ಬೇರೆ. ಆದರೆ ಎಡವೋದು ಮಾತ್ರ ಒಂದೇ ಜಾಗದಲ್ಲಿ.

ಹೋದ ವರ್ಷ ಒಬ್ಬ ಹುಡುಗಿ ಇಂಟರ್‌ವ್ಯೂ ಮುಗಿಸಿಕೊಂಡು ಸೀದಾ ನನ್ನ ಹತ್ತಿರ ಬಂದಳು. ಕಣ್ಣು ಕೆಂಪಗಾಗಿತ್ತು. “ಪ್ರಾಜೆಕ್ಟ್ ಬಗ್ಗೆ ಕೇಳಿದ್ರು ಮಿಸ್. ‘ಐ ಡಿಡ್ ಪ್ರಾಜೆಕ್ಟ್ ಈಸ್ ವಾಟರ್ ಟೆಸ್ಟಿಂಗ್’ ಅಂದೆ. ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ ಅಂದ್ರು. ಇನ್ನೊಂದ್ಸಲಾನೂ ಅದನ್ನೇ ಹೇಳ್ದೆ.”

ನಾಲ್ಕು ಹಳ್ಳಿಯ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಬಂದು ಪರೀಕ್ಷೆ ಮಾಡಿದ ಹುಡುಗಿ ಅವಳು. ವಿಷಯ ಗೊತ್ತಿತ್ತು, ಪದಗಳೂ ಗೊತ್ತಿದ್ದವು. ತಲೆಯಲ್ಲಿ ‘ನಾನು ಮಾಡಿದ ಪ್ರಾಜೆಕ್ಟ್’ ಅಂತ ಬಂತು, ಅದನ್ನೇ ಒಂದೊಂದಾಗಿ ಬದಲಾಯಿಸಿದಳು. ನಾನು ಅಂದರೆ ಐ, ಮಾಡಿದ ಅಂದರೆ ಡಿಡ್, ಪ್ರಾಜೆಕ್ಟ್ ಅಂದರೆ ಪ್ರಾಜೆಕ್ಟ್. ಮೂರೂ ಪದ ಸರಿ. ಕೂತ ಜಾಗ ತಪ್ಪು.

ಈ ಬರಹ ಆ ಜಾಗದ ಬಗ್ಗೆ. ಒಂದು ಹೆಸರಿಗೆ ಹೀಗೆ ವಿವರ ಅಂಟಿಸೋದಕ್ಕೆ ಇಂಗ್ಲಿಷ್ ವ್ಯಾಕರಣದಲ್ಲಿ ರಿಲೇಟಿವ್ ಕ್ಲಾಜ್ (relative clause) ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಏಕೆಂದರೆ ಇದನ್ನು ನೀವು ಕನ್ನಡದಲ್ಲಿ ದಿನಕ್ಕೆ ನೂರಾರು ಸಲ ಮಾಡುತ್ತೀರಿ.

ನಮ್ಮದರಲ್ಲಿ ಹೇಗಿದೆ ನೋಡಿ

‘ನಿನ್ನೆ ಬಂದ ಹುಡುಗ’, ‘ನಾಳೆ ಬರೋ ಹುಡುಗ’, ‘ಯಾವತ್ತೂ ಬರದ ಹುಡುಗ’. ಹೈಸ್ಕೂಲಿನಲ್ಲಿ ಕೃದಂತ ಅಂತ ಓದಿದ್ದು ನೆನಪಿದೆಯಾ? ಮಾಡಿದ, ಮಾಡುವ, ಮಾಡದ. ಕ್ರಿಯಾಪದವನ್ನು ಹೀಗೆ ಒಂದು ಚೂರು ಬದಲಾಯಿಸಿ ಹೆಸರಿನ, ಅಂದರೆ ನಾಮಪದದ, ಮುಂದೆ ಕೂರಿಸಿದರೆ ನಮ್ಮ ಕೆಲಸ ಆಯಿತು. ತಮಿಳು, ತೆಲುಗು, ಮಲಯಾಳದವರೂ ಹೀಗೇ ಮಾಡುತ್ತಾರೆ. ಚೀನೀ ಭಾಷೆಯಲ್ಲೂ ವಿವರವೇ ಮೊದಲು, ಹೆಸರು ಆಮೇಲೆ. ಹಾಗಾಗಿ ಇದು ಮಂಡ್ಯದವರ ಇಂಗ್ಲಿಷ್ ಚೆನ್ನಾಗಿಲ್ಲ ಅನ್ನೋ ಮಾತಲ್ಲ. ಎರಡು ಭಾಷೆಗಳು ಎದುರುಬದುರು ದಿಕ್ಕಿನಲ್ಲಿ ನಡೆಯುತ್ತವೆ, ಅಷ್ಟೇ.

ಕನ್ನಡದಲ್ಲಿ ವಿವರ ಎಷ್ಟು ಉದ್ದ ಇದ್ದರೂ ಹೆಸರು ಕೊನೆಗೇ ಬರುತ್ತದೆ. ‘ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮಮ್ಮನ ಜೊತೆ ಮಾತಾಡ್ತಾ ನಿಂತಿದ್ದ ಹೆಂಗಸು’. ಹೆಂಗಸು ಅನ್ನೋವರೆಗೂ ನಾವು ಕಾಯುತ್ತೇವೆ, ನಮಗೆ ಅದು ಕಷ್ಟವೇ ಅಲ್ಲ. ಇಂಗ್ಲಿಷ್ ಕೇಳುವವರಿಗೆ ಹಾಗೆ ಕಾದು ಅಭ್ಯಾಸ ಇಲ್ಲ. ಅವರಿಗೆ ಮೊದಲು ‘ದಿ ವುಮನ್’ ಬೇಕು. ಯಾರ ವಿಷಯ ಅಂತ ಗೊತ್ತಾದ ಮೇಲೆ ಎಷ್ಟು ವಿವರ ಬೇಕಾದರೂ ಕೇಳಿಸಿಕೊಳ್ಳುತ್ತಾರೆ.

ಮೊದಲ ಹೆಜ್ಜೆ: ಚೀಟಿ ಆಟ

ಇದನ್ನು ಬರೀ ಓದಬೇಡಿ, ಕೈಯಲ್ಲಿ ಮಾಡಿ. ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಆರು ಚೀಟಿ ಕತ್ತರಿಸಿ. ಒಂದೊಂದರ ಮೇಲೂ ಒಂದೊಂದು ಬರೆಯಿರಿ: ನಿನ್ನೆ, ಸಂತೆಯಲ್ಲಿ, ನಾನು, ಕೊಂಡ, ಬೆಲ್ಲ, ತುಂಬಾ ಗಟ್ಟಿ ಇದೆ. ಇದೇ ಕ್ರಮದಲ್ಲಿ ಮೇಜಿನ ಮೇಲೆ ಸಾಲಾಗಿ ಇಡಿ.

ಈಗ ‘ಬೆಲ್ಲ’ ಅನ್ನೋ ಚೀಟಿಯನ್ನು ಎತ್ತಿ ಎಲ್ಲಕ್ಕಿಂತ ಮೊದಲು ಇಡಿ. ಅದರ ಪಕ್ಕ ‘ನಾನು’. ಅದರ ಪಕ್ಕ ‘ಕೊಂಡ’. ಆಮೇಲೆ ‘ಸಂತೆಯಲ್ಲಿ’, ಆಮೇಲೆ ‘ನಿನ್ನೆ’. ಕೊನೆಯ ಚೀಟಿ ‘ತುಂಬಾ ಗಟ್ಟಿ ಇದೆ’ ಇದ್ದಲ್ಲೇ ಇರಲಿ, ಅದನ್ನು ಮುಟ್ಟಬೇಡಿ. ಒಂದೊಂದರ ಕೆಳಗೂ ಇಂಗ್ಲಿಷ್ ಬರೆಯಿರಿ: ‘ದಿ ಜಾಗರಿ, ಐ, ಬಾಟ್, ಅಟ್ ದಿ ಮಾರ್ಕೆಟ್, ಯೆಸ್ಟರ್‌ಡೇ, ಈಸ್ ವೆರಿ ಹಾರ್ಡ್’. ಒಟ್ಟಿಗೆ ಓದಿ. ‘ದಿ ಜಾಗರಿ ಐ ಬಾಟ್ ಅಟ್ ದಿ ಮಾರ್ಕೆಟ್ ಯೆಸ್ಟರ್‌ಡೇ ಈಸ್ ವೆರಿ ಹಾರ್ಡ್.’

ನನ್ನ ಕೋಣೆಯಲ್ಲಿ ಈ ಕ್ಷಣಕ್ಕೆ ಯಾರಾದರೂ ಒಬ್ಬರು “ಇಷ್ಟೇನಾ?” ಅಂತ ಕೇಳೇ ಕೇಳುತ್ತಾರೆ. ಮುಕ್ಕಾಲು ಪಾಲು ಇಷ್ಟೇ. ಹೂ, ವಿಚ್ ಅನ್ನೋ ಪದಗಳನ್ನು ಬಾಯಿಪಾಠ ಮಾಡೋದಕ್ಕಿಂತ ಮುಂಚೆ ಹೆಸರನ್ನು ಮುಂದಕ್ಕೆ ತರೋದು ಕೈಗೆ ಬರಬೇಕು. ಶಾಲೆಯಲ್ಲಿ ಇದನ್ನು ಉಲ್ಟಾ ಕಲಿಸುತ್ತಾರೆ. ಖಾಲಿ ಜಾಗ ಬಿಟ್ಟು ‘ಹೂ’ ತುಂಬಿ, ‘ವಿಚ್’ ತುಂಬಿ ಅಂತ ಕೊಡುತ್ತಾರೆ. ಮಕ್ಕಳು ಹತ್ತಕ್ಕೆ ಹತ್ತು ತಗೊಳ್ಳುತ್ತಾರೆ, ಮಾತಾಡುವಾಗ ಮತ್ತೆ ‘ಐ ಡಿಡ್ ಪ್ರಾಜೆಕ್ಟ್’ ಅನ್ನುತ್ತಾರೆ. ಅದಕ್ಕೇ ಚೀಟಿ.

ಎರಡನೇ ಹೆಜ್ಜೆ: ಎತ್ತಿದ ಜಾಗ ಖಾಲಿ ಇರಲಿ

‘ಐ ಬಾಟ್ ದಿ ಜಾಗರಿ’ ಅನ್ನೋ ವಾಕ್ಯದಲ್ಲಿ ಜಾಗರಿ ಇದ್ದದ್ದು ‘ಬಾಟ್’ ಆದಮೇಲೆ. ಅದನ್ನು ಎತ್ತಿ ಮುಂದೆ ತಂದಿರಿ. ಈಗ ಬಾಟ್ ಆದಮೇಲೆ ಒಂದು ಗುಂಡಿ ಉಳಿಯಿತು. ಅದನ್ನು ತುಂಬಬೇಡಿ. ‘ದಿ ಜಾಗರಿ ದಟ್ ಐ ಬಾಟ್ ಇಟ್’ ತಪ್ಪು. ‘ದಿ ಮ್ಯಾನ್ ಹೂ ಹಿ ಕೇಮ್’ ಕೂಡ ತಪ್ಪು, ಅಲ್ಲಿ ‘ಹೂ’ ಬಂದಾಗಲೇ ‘ಹಿ’ಯ ಕೆಲಸ ಮುಗಿಯಿತು.

ಈ ತಪ್ಪು ಆಗೋದು ಏಕೆಂದರೆ ಕನ್ನಡದಲ್ಲಿ ನಾವು ಇನ್ನೊಂದು ಥರವೂ ಮಾತಾಡುತ್ತೇವೆ. ‘ಯಾರು ಮೊದಲು ಬರುತ್ತಾರೋ ಅವರಿಗೆ ಸೀಟು’. ಇಲ್ಲಿ ‘ಯಾರು’ ಇದೆ, ‘ಅವರಿಗೆ’ ಅಂತಲೂ ಇದೆ, ಎರಡೂ ಬೇಕು. ಹಿಂದಿಯವರು ‘ಜೋ’ ಹಾಕಿ ಆಮೇಲೆ ‘ವೋ’ ಹಾಕೋದೂ ಹೀಗೇ. ಅರಬ್ಬಿಯಲ್ಲಂತೂ ‘ನಾನು ಅದನ್ನು ಓದಿದ ಪುಸ್ತಕ’ ಅನ್ನೋ ಥರ ‘ಅದನ್ನು’ ಉಳಿಸಿಕೊಳ್ಳೋದೇ ಸರಿ. ಇಂಗ್ಲಿಷ್‌ನಲ್ಲಿ ಹಾಗಿಲ್ಲ. ಬರೆದ ಮೇಲೆ ಒಂದು ಸಲ ಓದಿ, ಇಟ್, ಹಿಮ್, ದೆಮ್ ಎಲ್ಲಾದರೂ ಸುಮ್ನೆ ಕೂತಿದೆಯಾ ನೋಡಿ, ಇದ್ದರೆ ಹೊಡೆದುಹಾಕಿ.

ಮೂರನೇ ಹೆಜ್ಜೆ: ಕೊಂಡಿ ಬೇಕಾ ಬೇಡವಾ

ಹೂ, ವಿಚ್, ದಟ್ ಇವು ಹೆಸರಿಗೂ ವಿವರಕ್ಕೂ ನಡುವಿನ ಕೊಂಡಿ. ಮನುಷ್ಯರಾದರೆ ಹೂ, ವಸ್ತುವಾದರೆ ವಿಚ್, ಎರಡಕ್ಕೂ ದಟ್ ನಡೆಯುತ್ತದೆ. ಇದು ನಿಮಗೆ ಗೊತ್ತು. ಗೊತ್ತಿಲ್ಲದಿರೋದು, ಯಾವಾಗ ಬಿಡಬಹುದು ಅನ್ನೋದು.

ಒಂದೇ ಪರೀಕ್ಷೆ ಸಾಕು. ಕೊಂಡಿ ಆದ ತಕ್ಷಣ ಏನು ಬರುತ್ತದೆ ನೋಡಿ. ಕ್ರಿಯಾಪದ ಬಂದರೆ ಕೊಂಡಿ ಇರಲೇಬೇಕು: ‘ದಿ ಬಾಯ್ ಹೂ ಕೇಮ್’, ‘ದಿ ಬಸ್ ದಟ್ ಗೋಸ್ ಟು ಮದ್ದೂರು’. ಬೇರೆ ಯಾರೋ ಒಬ್ಬರು ಬಂದರೆ, ಅಂದರೆ ಐ, ಯು, ಮೈ ಮದರ್ ಥರ ಬಂದರೆ, ಕೊಂಡಿ ಬಿಡಬಹುದು: ‘ದಿ ಬಾಯ್ ಐ ಸಾ’, ‘ದಿ ವಡೆ ಮೈ ಮದರ್ ಮೇಡ್’. ಮಾತಿನಲ್ಲಿ ಬಿಡೋದೇ ಜಾಸ್ತಿ.

‘ದೇರ್ ಈಸ್ ಎ ಮ್ಯಾನ್ ವಾಂಟ್ಸ್ ಟು ಸೀ ಯು’ ಅಂತ ಹೇಳೋರನ್ನು ಕೇಳಿದ್ದೇನೆ. ‘ಮ್ಯಾನ್’ ಆದಮೇಲೆ ‘ವಾಂಟ್ಸ್’ ಅನ್ನೋ ಕ್ರಿಯಾಪದ ಬಂತು, ಹಾಗಾಗಿ ‘ಹೂ ವಾಂಟ್ಸ್’ ಆಗಬೇಕು. ‘ದಿ ಥಿಂಗ್ ವಾಟ್ ಐ ಸೆಡ್’ ಅನ್ನೋದೂ ಬೇಡ. ‘ದಿ ಥಿಂಗ್ ಐ ಸೆಡ್’ ಅನ್ನಿ, ಇಲ್ಲಾ ಥಿಂಗ್ ಬಿಟ್ಟು ಬರೀ ‘ವಾಟ್ ಐ ಸೆಡ್’ ಅನ್ನಿ. ಕನ್ನಡದ ‘ನಾನು ಹೇಳಿದ ಮಾತು’ ಮೊದಲನೆಯದು, ‘ನಾನು ಹೇಳಿದ್ದು’ ಎರಡನೆಯದು. ಬಾಯಿಗೆ ‘-ದ್ದು’ ಬಂದರೆ ಇಂಗ್ಲಿಷ್‌ನಲ್ಲಿ ‘ವಾಟ್’ ಅಂತ ಇಟ್ಟುಕೊಳ್ಳಿ. ನಾನು ನೋಡಿದ್ದು, ‘ವಾಟ್ ಐ ಸಾ’. ಅವಳು ಕೇಳಿದ್ದು, ‘ವಾಟ್ ಶಿ ಆಸ್ಕ್ಡ್’.

‘ಬಂದವರು’, ‘ಓದಿದವರು’ ಇವು ಬೇರೆ. ಇಲ್ಲಿ ಹೆಸರು ‘-ಅವರು’ ಒಳಗೆ ಅಡಗಿ ಕೂತಿದೆ, ಇಂಗ್ಲಿಷ್‌ನಲ್ಲಿ ಅದನ್ನು ಹೊರಗೆ ತರಬೇಕು: ‘ದಿ ಪೀಪಲ್ ಹೂ ಕೇಮ್’. ಬರವಣಿಗೆಯಲ್ಲಿ ‘ದೋಸ್ ಹೂ ಕೇಮ್’ ಅಂತಲೂ ಬರೆಯಬಹುದು.

ನಾಲ್ಕನೇ ಹೆಜ್ಜೆ: ಬಾಲದ ಪದ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ಪ್ರಕಾರ ಕನ್ನಡದವರಿಗೆ ನಿಜವಾಗಿ ಕಷ್ಟ ಆಗೋದು ಇಲ್ಲೇ, ಇದನ್ನು ಯಾರೂ ಬಿಡಿಸಿ ಹೇಳೋದಿಲ್ಲ.

ಈ ಐದನ್ನು ನೋಡಿ. ನಾನು ಬರೆದ ಪತ್ರ. ನಾನು ಬರೆದ ಪೆನ್ನು. ನಾನು ಕೂತು ಬರೆದ ಕುರ್ಚಿ. ನಾನು ಪತ್ರ ಬರೆದ ಗೆಳೆಯ. ನಾನು ಪತ್ರ ಬರೆದ ದಿನ.

ಐದರಲ್ಲೂ ‘ಬರೆದ’ ಒಂದೇ. ಆದರೆ ಪತ್ರವನ್ನು ಬರೆದೆ, ಪೆನ್ನಿನಿಂದ ಬರೆದೆ, ಕುರ್ಚಿಯ ಮೇಲೆ ಕೂತು ಬರೆದೆ, ಗೆಳೆಯನಿಗೆ ಬರೆದೆ, ಆ ದಿನ ಬರೆದೆ. ಅನ್ನು, ಇಂದ, ಮೇಲೆ, ಗೆ, ಇವೆಲ್ಲ ಕನ್ನಡದಲ್ಲಿ ಮಾಯವಾಗಿಬಿಡುತ್ತವೆ. ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ ಅಂತ ನಮ್ಮ ಭಾಷೆಗೆ ಅಷ್ಟು ನಂಬಿಕೆ. ಪೆನ್ನನ್ನು ಯಾರು ಬರೆಯುತ್ತಾರೆ, ಪೆನ್ನಿನಿಂದ ತಾನೇ ಬರೆಯೋದು ಅಂತ. ನನಗೆ ಇದು ಕನ್ನಡದ ತುಂಬ ಚೆಂದದ ಗುಣ ಅನ್ನಿಸುತ್ತದೆ.

ಇಂಗ್ಲಿಷ್ ಹಾಗೆ ಬಿಡೋದಿಲ್ಲ, ಆ ಚಿಕ್ಕ ಪದವನ್ನು ಬಾಲದಲ್ಲಿ ಉಳಿಸಿಕೊಳ್ಳುತ್ತದೆ. ‘ದಿ ಲೆಟರ್ ಐ ರೋಟ್’, ಇಲ್ಲಿ ಬಾಲ ಇಲ್ಲ. ‘ದಿ ಪೆನ್ ಐ ರೋಟ್ ವಿತ್’. ‘ದಿ ಚೇರ್ ಐ ಸ್ಯಾಟ್ ಆನ್’. ‘ದಿ ಫ್ರೆಂಡ್ ಐ ರೋಟ್ ಟು’. ‘ದಿ ಡೇ ಐ ರೋಟ್ ದಿ ಲೆಟರ್’, ಇಲ್ಲೂ ಬಾಲ ಬೇಡ, ದಿನಕ್ಕೆ ಹಾಗೇ ನಡೆಯುತ್ತದೆ.

ಬಾಲ ಬೇಕಾ ಅಂತ ತಿಳಿಯೋದು ಹೇಗೆ? ವಿವರವನ್ನು ಬಿಡಿಸಿ ಒಂದು ಪೂರ್ತಿ ವಾಕ್ಯ ಮಾಡಿ. ‘ನಾವು ಬಂದ ಬಸ್ಸು’ ಅಂತಿಟ್ಟುಕೊಳ್ಳಿ. ಬಿಡಿಸಿದರೆ ‘ನಾವು ಆ ಬಸ್ಸಿನಲ್ಲಿ ಬಂದೆವು’, ಇಂಗ್ಲಿಷ್‌ನಲ್ಲಿ ‘ವಿ ಕೇಮ್ ಆನ್ ದಿ ಬಸ್’. ಬಸ್ ಎತ್ತಿ ಮುಂದೆ ಹಾಕಿ, ‘ಆನ್’ ಇದ್ದಲ್ಲೇ ಇರಲಿ: ‘ದಿ ಬಸ್ ವಿ ಕೇಮ್ ಆನ್’. ‘ನಾನು ಹೇಳಿದ ಹುಡುಗ’ ಅಂದರೆ ಯಾರ ಬಗ್ಗೆ ಹೇಳಿದೆನೋ ಆ ಹುಡುಗನಾದರೆ ‘ದಿ ಬಾಯ್ ಐ ಟೋಲ್ಡ್ ಯು ಅಬೌಟ್’. ‘ನೀವು ಹುಡುಕ್ತಿರೋ ಮನೆ’, ‘ದಿ ಹೌಸ್ ಯು ಆರ್ ಲುಕಿಂಗ್ ಫಾರ್’. ‘ನಾನು ಕಾಯ್ತಿದ್ದ ಟ್ರೇನು’, ‘ದಿ ಟ್ರೇನ್ ಐ ವಾಸ್ ವೇಟಿಂಗ್ ಫಾರ್’. ಬಾಲ ಬಿಟ್ಟು ‘ದಿ ಟ್ರೇನ್ ಐ ವಾಸ್ ವೇಟಿಂಗ್’ ಅಂದರೆ ಕೇಳುವವರು ಇನ್ನೂ ಏನೋ ಬರುತ್ತದೆ ಅಂತ ಕಾಯುತ್ತಾರೆ.

ವಾಕ್ಯದ ಕೊನೆಗೆ ಇಂಥ ಚಿಕ್ಕ ಪದ ಬರಬಾರದು ಅಂತ ಕೆಲವರು ಕಲಿಸುತ್ತಾರೆ. ಅದನ್ನು ನಂಬಬೇಡಿ. ಮಾತಿನಲ್ಲಿ ಅದು ಬರೋದು ಅಲ್ಲೇ. ಬಹಳ ಮರ್ಯಾದೆಯ ಪತ್ರ ಬರೆಯುವಾಗ ಮಾತ್ರ ‘ದಿ ಆಫೀಸರ್ ಟು ಹೂಮ್ ಐ ರೋಟ್’ ಅಂತ ಮುಂದೆ ತರಬಹುದು. ‘ಹೂಮ್’ ಅನ್ನೋದಕ್ಕೆ ಇವತ್ತು ಉಳಿದಿರೋ ಮುಖ್ಯ ಜಾಗ ಅದೇ. ಮಾತಾಡುವಾಗ ಅದರ ಗೊಡವೆಗೆ ಹೋಗಬೇಡಿ.

ಊರಿನ ಮಾತು ಬಂದಾಗ

‘ನಾನು ಹುಟ್ಟಿದ ಊರು’ ಮತ್ತು ‘ನಾನು ನೋಡಿದ ಊರು’. ಎರಡರಲ್ಲೂ ಊರು ಇದೆ ಅಂತ ಎರಡಕ್ಕೂ ‘ವೇರ್’ ಹಾಕಿಬಿಡುತ್ತಾರೆ. ಬಿಡಿಸಿ ನೋಡಿ. ‘ನಾನು ಅಲ್ಲಿ ಹುಟ್ಟಿದೆ’, ಆದರೆ ‘ನಾನು ಅದನ್ನು ನೋಡಿದೆ’. ‘ಅಲ್ಲಿ’ ಬಂದರೆ ವೇರ್: ‘ದಿ ಟೌನ್ ವೇರ್ ಐ ವಾಸ್ ಬಾರ್ನ್’. ‘ಅದನ್ನು’ ಬಂದರೆ ವೇರ್ ಬೇಡ: ‘ದಿ ಟೌನ್ ಐ ಸಾ’. ‘ಶ್ರೀರಂಗಪಟ್ಟಣ ಈಸ್ ಎ ಪ್ಲೇಸ್ ವೇರ್ ಐ ವಿಸಿಟೆಡ್’ ಅಂತ ಪ್ರಬಂಧದಲ್ಲಿ ಬರೆದವರು ಬಹಳ. ವಿಸಿಟ್ ಅನ್ನೋದು ಜಾಗವನ್ನೇ ಹಿಡಿದುಕೊಳ್ಳುತ್ತದೆ, ಅಲ್ಲಿ ವೇರ್‌ಗೆ ಜಾಗ ಇಲ್ಲ. ‘ಎ ಪ್ಲೇಸ್ ಐ ವಿಸಿಟೆಡ್’ ಅಂದರೆ ಸಾಕು.

‘ಯಾರದು’ ಅನ್ನೋದು

‘ಅಪ್ಪ ಲಾರಿ ಓಡಿಸೋ ಹುಡುಗ’. ಲಾರಿ ಓಡಿಸೋದು ಹುಡುಗ ಅಲ್ಲ, ಹುಡುಗನ ಅಪ್ಪ. ಇದಕ್ಕೆ ‘ಹೂಸ್’: ‘ದಿ ಬಾಯ್ ಹೂಸ್ ಫಾದರ್ ಡ್ರೈವ್ಸ್ ಎ ಲಾರಿ’. ಹೂಸ್ ಆದಮೇಲೆ ‘ದಿ’ ಬೇಡ, ‘ಹಿಸ್’ ಕೂಡ ಬೇಡ.

ಇದು ಕೊನೆಗೆ ಬಾಯಿಗೆ ಬರೋದು ಸಹಜ, ಬೇಜಾರು ಬೇಡ. 1977ರಲ್ಲಿ ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ ಅನ್ನೋ ಇಬ್ಬರು ಭಾಷಾವಿಜ್ಞಾನಿಗಳು ಸುಮಾರು ಐವತ್ತು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ಒಂದು ಏಣಿಯನ್ನೇ ತೋರಿಸಿದರು. ಕೆಲಸ ಮಾಡಿದವರನ್ನು ಹೀಗೆ ಎತ್ತಿ ಹೇಳೋದು, ಅಂದರೆ ‘ಬಂದ ಹುಡುಗ’ ಥರದ್ದು, ಏಣಿಯ ಸುಲಭದ ಮೆಟ್ಟಿಲು. ಆಮೇಲೆ ‘ನಾನು ನೋಡಿದ ಹುಡುಗ’. ಆಮೇಲೆ ಬಾಲ ಬೇಕಾಗೋವು. ‘ಯಾರದು’ ಅನ್ನೋದು ಅದಕ್ಕಿಂತ ಕಷ್ಟದ್ದು. ನಾನು ಹೇಳಿಕೊಡೋದೂ ಇದೇ ಕ್ರಮದಲ್ಲಿ, ನೀವೂ ಇದೇ ಕ್ರಮದಲ್ಲಿ ಅಭ್ಯಾಸ ಮಾಡಿ. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಹೋಗಬೇಡಿ.

ಎಲ್ಲವನ್ನೂ ತಿರುಗಿಸಬೇಕಿಲ್ಲ

ತಿರುಗಿಸೋದು ಅಭ್ಯಾಸ ಆದಮೇಲೆ ಇನ್ನೊಂದು ತೊಂದರೆ ಶುರುವಾಗುತ್ತದೆ, ಎಲ್ಲವನ್ನೂ ತಿರುಗಿಸೋದು. ‘ಕುದಿಸಿದ ನೀರು’ ಅನ್ನೋದಕ್ಕೆ ‘ದಿ ವಾಟರ್ ವಿಚ್ ಈಸ್ ಬಾಯ್ಲ್ಡ್’ ಅಂತ ಎಳೆಯಬೇಕಿಲ್ಲ. ‘ಬಾಯ್ಲ್ಡ್ ವಾಟರ್’ ಸಾಕು, ನಮ್ಮದೇ ಕ್ರಮ. ವಿವರ ಒಂದೇ ಪದವಾದರೆ ಇಂಗ್ಲಿಷ್‌ನಲ್ಲೂ ಸಾಮಾನ್ಯವಾಗಿ ಹೆಸರಿನ ಮುಂದೆಯೇ ಕೂರುತ್ತದೆ. ಒಡೆದ ಗಾಜು, ‘ಬ್ರೋಕನ್ ಗ್ಲಾಸ್’. ಆದರೆ ಇನ್ನೊಬ್ಬರು ಒಳಗೆ ಬಂದ ತಕ್ಷಣ, ‘ಅಮ್ಮ ಕುದಿಸಿದ ನೀರು’ ಅಂದ ತಕ್ಷಣ, ಅದು ಹಿಂದಕ್ಕೆ ಹೋಗುತ್ತದೆ: ‘ದಿ ವಾಟರ್ ಅಮ್ಮ ಬಾಯ್ಲ್ಡ್’.

‘ಇರೋ’ ಅನ್ನೋದನ್ನೂ ಗಮನಿಸಿ. ಕೆರೆ ಹತ್ತಿರ ಇರೋ ಮನೆ, ಬಾಗಿಲ ಹತ್ತಿರ ಇರೋ ಚಪ್ಪಲಿ. ಕನ್ನಡದಲ್ಲಿ ಈ ‘ಇರೋ’ ಬೇಕೇ ಬೇಕು. ಇಂಗ್ಲಿಷ್‌ನಲ್ಲಿ ಅದನ್ನು ಆರಾಮಾಗಿ ಬಿಡಿ: ‘ದಿ ಹೌಸ್ ನಿಯರ್ ದಿ ಲೇಕ್’, ‘ದಿ ಸ್ಲಿಪರ್ಸ್ ಬೈ ದಿ ಡೋರ್’. ಹೆಸರು ಮುಂದೆ, ವಿವರ ಹಿಂದೆ, ಕ್ರಿಯಾಪದವೇ ಇಲ್ಲ.

ಹಾಗೇ ದೊಡ್ಡ ಗಡಿಯಾರದ ಹತ್ತಿರ ನಿಂತಿರೋ ಮನುಷ್ಯನಿಗೆ ‘ದಿ ಮ್ಯಾನ್ ಹೂ ಈಸ್ ಸ್ಟ್ಯಾಂಡಿಂಗ್ ನಿಯರ್ ದಿ ಕ್ಲಾಕ್ ಟವರ್’ ಅನ್ನಬಹುದು, ‘ಹೂ ಈಸ್’ ಬಿಟ್ಟು ‘ದಿ ಮ್ಯಾನ್ ಸ್ಟ್ಯಾಂಡಿಂಗ್ ನಿಯರ್ ದಿ ಕ್ಲಾಕ್ ಟವರ್’ ಅಂತಲೂ ಅನ್ನಬಹುದು. ಮೈಸೂರಿನಲ್ಲಿ ನೇಯ್ದ ಸೀರೆ, ‘ಎ ಸಾರಿ ವೋವನ್ ಇನ್ ಮೈಸೂರು’. ಪೇಪರ್ ಓದುವಾಗ ಇಂಥವು ಸಾಲುಸಾಲು ಸಿಗುತ್ತವೆ. ಇಲ್ಲಿ ‘ವೋವನ್’ ಅನ್ನೋದನ್ನು ವಾಕ್ಯದ ಮುಖ್ಯ ಕ್ರಿಯಾಪದ ಅಂತ ತಿಳಿದರೆ ಓದಿದ್ದು ಅರ್ಥ ಆಗೋದಿಲ್ಲ. ಮುಖ್ಯ ಕ್ರಿಯಾಪದ ಇನ್ನೂ ಮುಂದೆ ಇರುತ್ತದೆ, ಅದನ್ನು ಹುಡುಕಿ.

ಮಾತಾಡುವಾಗ

ಉದ್ದನೆಯ ವಿವರವನ್ನು ವಾಕ್ಯದ ಮಧ್ಯೆ ಸಿಕ್ಕಿಸಬೇಡಿ. ಮಧ್ಯೆ ಸಿಕ್ಕಿಸಿದರೆ ಕೊನೆಗೆ ಬರಬೇಕಾದ ಕ್ರಿಯಾಪದ ಮರೆತುಹೋಗುತ್ತದೆ. ‘ದಿ ಮ್ಯಾನ್ ಹೂ ಸೆಲ್ಸ್ ಜಾಸ್ಮಿನ್ ನಿಯರ್ ದಿ ಟೆಂಪಲ್...’ ಅಂತ ಶುರುಮಾಡಿ ಅಲ್ಲೇ ನಿಂತುಬಿಟ್ಟವರನ್ನು ಎಷ್ಟೋ ಸಲ ನೋಡಿದ್ದೇನೆ. ಆ ಮನುಷ್ಯನಿಗೆ ಏನಾಯಿತು ಅಂತ ಹೇಳಲೇ ಇಲ್ಲ.

ಅದಕ್ಕೆ ಒಂದು ಒಳ್ಳೆ ದಾರಿ ಇದೆ. ಹೆಸರನ್ನು ವಾಕ್ಯದ ಕೊನೆಯಲ್ಲಿ ತಂದು ನಿಲ್ಲಿಸಿ, ಆಮೇಲೆ ವಿವರವನ್ನು ಬಾಲದ ಹಾಗೆ ಬಿಡುತ್ತಾ ಹೋಗಿ. ಇಂಗ್ಲಿಷ್ ಮಾತೃಭಾಷೆಯವರೂ ಮಾತಿನಲ್ಲಿ ಬಹಳ ಸಲ ಹೀಗೇ ಮಾಡುತ್ತಾರೆ. ‘ದೇರ್ಸ್ ಎ ಶಾಪ್ ಇನ್ ದೇವರಾಜ ಮಾರ್ಕೆಟ್ ದಟ್ ಸೆಲ್ಸ್ ಓನ್ಲಿ ಕುಂಕುಮ.’ ‘ಐ ಮೆಟ್ ಎ ಮ್ಯಾನ್ ಹೂ ನೋಸ್ ಯುವರ್ ಫಾದರ್.’ ‘ದಟ್ಸ್ ದಿ ಬಸ್ ಐ ಟೇಕ್ ಎವ್ರಿ ಡೇ.’ ‘ದೇರ್ಸ್’, ‘ಐ ನೋ’, ‘ಐ ಮೆಟ್’, ‘ದಟ್ಸ್ ದಿ’, ಈ ನಾಲ್ಕು ಶುರುವನ್ನು ಹಿಡಿದುಕೊಂಡರೆ ವಾಕ್ಯದ ಮುಖ್ಯ ಕ್ರಿಯಾಪದ ಮೊದಲೇ ಹೇಳಿ ಮುಗಿದಿರುತ್ತದೆ. ಆಮೇಲೆ ಎಷ್ಟು ಉದ್ದ ಹೋದರೂ ಭಯ ಇಲ್ಲ.

ಕೇಳಿಸಿಕೊಳ್ಳುವಾಗ ಒಂದು ವಿಷಯ. ಈ ಕೊಂಡಿಯ ‘ದಟ್’ ಅನ್ನು ಅವರು ಒತ್ತಿ ಹೇಳೋದಿಲ್ಲ. ನಾವು ‘ಆ ಬಸ್ಸು’ ಅನ್ನೋ ಅರ್ಥದ ‘ದಟ್ ಬಸ್’ ಹೇಳೋ ಹಾಗೆ ಪೂರ್ತಿ ಬಾಯಿ ತೆರೆದು ಹೇಳದೆ, ಬರೀ ‘ದ್‌ಟ್’ ಅಂತ ನುಂಗಿ ಮುಂದಕ್ಕೆ ಹೋಗುತ್ತಾರೆ. ಅದು ಕಿವಿಗೆ ಬೀಳದಿದ್ದರೆ ನಿಮ್ಮ ಕಿವಿಯ ತಪ್ಪಲ್ಲ. ಹೆಸರು ಆದಮೇಲೆ ಇನ್ನೊಬ್ಬರ ಹೆಸರು ಕೇಳಿಸಿತು ಅಂದರೆ ವಿವರ ಶುರುವಾಯಿತು ಅಂತ ತಿಳಿದುಕೊಳ್ಳಿ.

ಬರೆಯುವಾಗ

ಬರೆಯುವಾಗ ಅಲ್ಪವಿರಾಮ ನೋಡಿಕೊಳ್ಳಿ, ಅದು ಅರ್ಥವನ್ನೇ ಬದಲಾಯಿಸುತ್ತದೆ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು ಈಸ್ ಎ ಟೀಚರ್’ ಅಂತ ಅಲ್ಪವಿರಾಮ ಇಲ್ಲದೆ ಬರೆದರೆ, ನಿಮಗೆ ಒಬ್ಬರಿಗಿಂತ ಜಾಸ್ತಿ ಅಣ್ಣತಮ್ಮಂದಿರಿದ್ದಾರೆ, ಅವರಲ್ಲಿ ಮೈಸೂರಿನಲ್ಲಿ ಇರೋರು ಟೀಚರ್ ಅಂತ ಅರ್ಥ. ‘ಮೈ ಬ್ರದರ್, ಹೂ ಲಿವ್ಸ್ ಇನ್ ಮೈಸೂರು, ಈಸ್ ಎ ಟೀಚರ್’ ಅಂತ ಎರಡು ಕಡೆ ಅಲ್ಪವಿರಾಮ ಹಾಕಿದರೆ ಇರೋದು ಒಬ್ಬನೇ, ಅವನು ಮೈಸೂರಿನಲ್ಲಿರೋದು ಸುಮ್ನೆ ಜೊತೆಗೆ ಹೇಳಿದ ಮಾತು.

ಊರಿನ ಹೆಸರು, ವ್ಯಕ್ತಿಯ ಹೆಸರು ಬಂದಾಗ ಸಾಮಾನ್ಯವಾಗಿ ಎರಡನೆಯದೇ, ಏಕೆಂದರೆ ಯಾರು ಅಂತ ಮೊದಲೇ ಗೊತ್ತು. ‘ವಿಶ್ವೇಶ್ವರಯ್ಯ, ಹೂ ವಾಸ್ ದಿವಾನ್ ಆಫ್ ಮೈಸೂರು ಫ್ರಮ್ 1912 ಟು 1918, ರಿಸೀವ್ಡ್ ದಿ ಭಾರತ ರತ್ನ ಇನ್ 1955.’ ಅರಮನೆಯ ಬಗ್ಗೆ ಬರೆಯೋದಾದರೆ ಎರಡೂ ಥರ ಒಂದೇ ಕಡೆ ಸಿಗುತ್ತದೆ: ‘ದಿ ಓಲ್ಡ್ ಪ್ಯಾಲೇಸ್, ವಿಚ್ ವಾಸ್ ಮೇಡ್ ಆಫ್ ವುಡ್, ಬರ್ನ್ಡ್ ಡೌನ್ ಇನ್ 1897. ದಿ ಪ್ಯಾಲೇಸ್ ದಟ್ ವಿ ಸೀ ಟುಡೇ ವಾಸ್ ಡಿಸೈನ್ಡ್ ಬೈ ಹೆನ್ರಿ ಇರ್ವಿನ್ ಅಂಡ್ ಕಂಪ್ಲೀಟೆಡ್ ಇನ್ 1912.’ ಮೊದಲನೆಯದರಲ್ಲಿ ಯಾವ ಅರಮನೆ ಅಂತ ಆಗಲೇ ಗೊತ್ತಾಗಿದೆ, ಮರದ್ದು ಅನ್ನೋದು ಜೊತೆಯ ಮಾತು. ಎರಡನೆಯದರಲ್ಲಿ ‘ಇವತ್ತು ನೋಡೋ’ ಅಂತ ಹೇಳದಿದ್ದರೆ ಯಾವ ಅರಮನೆ ಅಂತಲೇ ಗೊತ್ತಾಗೋದಿಲ್ಲ.

ಅಲ್ಪವಿರಾಮ ಹಾಕಿದ ಕಡೆ ‘ದಟ್’ ಬರೋದಿಲ್ಲ, ಹೂ ಅಥವಾ ವಿಚ್ ಮಾತ್ರ. ಕೊಂಡಿ ಬಿಡುವ ಹಾಗೂ ಇಲ್ಲ. ಅಲ್ಪವಿರಾಮ ಇಲ್ಲದ ಕಡೆ ವಸ್ತುವಿಗೆ ದಟ್ ಹಾಕಬೇಕಾ ವಿಚ್ ಹಾಕಬೇಕಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದ ಸಂಪಾದಕರು ಅಲ್ಲಿ ದಟ್ ಬೇಕು ಅನ್ನುತ್ತಾರೆ, ಇಂಗ್ಲೆಂಡಿನವರು ಎರಡನ್ನೂ ಬರೆಯುತ್ತಾರೆ.

‘ವಿಚ್’ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಒಂದು ಹೆಸರಿಗಲ್ಲ, ಹಿಂದೆ ಹೇಳಿದ ಇಡೀ ಮಾತಿಗೇ ಅಂಟಿಕೊಳ್ಳುತ್ತದೆ. ‘ದಿ ಟ್ರೇನ್ ವಾಸ್ ಲೇಟ್, ವಿಚ್ ಈಸ್ ವೈ ಐ ಮಿಸ್ಡ್ ದಿ ಕ್ಲಾಸ್.’ ಇಲ್ಲಿ ವಿಚ್ ಅಂದರೆ ಟ್ರೇನ್ ಅಲ್ಲ, ಲೇಟ್ ಆಗಿದ್ದು. ಮಾತಿನಲ್ಲೂ ಇದು ತುಂಬಾ ಬಳಕೆಯಲ್ಲಿದೆ.

ಇನ್ನು ವಿವರ ಆದಷ್ಟು ಹೆಸರಿಗೆ ಅಂಟಿಕೊಂಡಿರಬೇಕು. ‘ಐ ಸಾ ಎ ಕೌ ನಿಯರ್ ದಿ ಟೆಂಪಲ್ ವಿಚ್ ವಾಸ್ ಈಟಿಂಗ್ ಗ್ರಾಸ್’ ಅಂದರೆ ವಿಚ್ ಪಕ್ಕದಲ್ಲಿರೋದು ಟೆಂಪಲ್. ‘ನಿಯರ್ ದಿ ಟೆಂಪಲ್ ಐ ಸಾ ಎ ಕೌ ದಟ್ ವಾಸ್ ಈಟಿಂಗ್ ಗ್ರಾಸ್’ ಅಂತ ಮಾಡಿ, ಹಸುವಿನ ಪಕ್ಕಕ್ಕೇ ಹುಲ್ಲು ಬರುತ್ತದೆ.

ದಿನಾ ಮಾಡೋ ಅಭ್ಯಾಸ

ಮೈಸೂರಿಗೆ ಓಡಾಡೋ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳೋದು ಒಂದೇ. ಟ್ರೇನಿನ ಕಿಟಕಿಯಿಂದ ಕಾಣೋ ಮೂರು ವಸ್ತುವನ್ನು ಆರಿಸಿಕೊಳ್ಳಿ. ಮೊದಲು ಕನ್ನಡದಲ್ಲಿ ವಿವರ ಹಾಕಿ ಹೇಳಿ, ಆಮೇಲೆ ತಿರುಗಿಸಿ. ಕಬ್ಬು ತುಂಬಿದ ಲಾರಿ, ಗೇಟ್ ಹತ್ತಿರ ಕಾಯ್ತಿರೋ ಬೈಕು, ನಿನ್ನೆ ನನ್ನ ಪಕ್ಕ ಕೂತಿದ್ದ ಅಜ್ಜಿ. ‘ಎ ಲಾರಿ ಲೋಡೆಡ್ ವಿತ್ ಶುಗರ್‌ಕೇನ್’, ‘ದಿ ಬೈಕ್ ವೇಟಿಂಗ್ ಅಟ್ ದಿ ಗೇಟ್’, ‘ದಿ ಓಲ್ಡ್ ಲೇಡಿ ಹೂ ಸ್ಯಾಟ್ ನೆಕ್ಸ್ಟ್ ಟು ಮಿ ಯೆಸ್ಟರ್‌ಡೇ’. ಮನಸ್ಸಿನಲ್ಲಿ ಹೇಳಿದರೆ ಸಾಲದು, ತುಟಿ ಅಲ್ಲಾಡಬೇಕು.

ಇನ್ನು ಕೆಲವನ್ನು ಇಲ್ಲೇ ಪ್ರಯತ್ನ ಮಾಡಿ. ಕೆಳಗಿನದನ್ನು ಕೈಯಿಂದ ಮುಚ್ಚಿಕೊಳ್ಳಿ. ನಾಯಿ ಕಚ್ಚಿದ ಹುಡುಗ. ನಾವು ಉಳಿದುಕೊಂಡ ಮನೆ. ಡಾಕ್ಟರ್ ಕೊಟ್ಟ ಮಾತ್ರೆ. ಯಾರೂ ಉತ್ತರ ಹೇಳದ ಪ್ರಶ್ನೆ. ನೀನು ಹೆದರೋ ವಿಷಯ.

ಮೊದಲನೆಯದಕ್ಕೆ ‘ದಿ ಡಾಗ್ ಬಿಟ್ ಬಾಯ್’ ಅಂತ ಬಂದಿದ್ದರೆ ಮತ್ತೆ ಚೀಟಿಗೆ ಹೋಗಿ. ‘ದಿ ಬಾಯ್ ದಿ ಡಾಗ್ ಬಿಟ್’ ಸರಿ, ‘ದಿ ಬಾಯ್ ಹೂ ವಾಸ್ ಬಿಟನ್ ಬೈ ಎ ಡಾಗ್’ ಇನ್ನೂ ಹಗುರಾಗಿ ಕೇಳಿಸುತ್ತದೆ. ಆಮೇಲೆ ‘ದಿ ಹೌಸ್ ವೇರ್ ವಿ ಸ್ಟೇಡ್’ ಅಥವಾ ‘ದಿ ಹೌಸ್ ವಿ ಸ್ಟೇಡ್ ಇನ್’. ಎರಡನ್ನೂ ಸೇರಿಸಿ ‘ವೇರ್ ವಿ ಸ್ಟೇಡ್ ಇನ್’ ಅನ್ನಬೇಡಿ, ವೇರ್ ಒಳಗೆ ಇನ್ ಆಗಲೇ ಇದೆ. ‘ದಿ ಟ್ಯಾಬ್ಲೆಟ್ಸ್ ದಿ ಡಾಕ್ಟರ್ ಗೇವ್’. ‘ದಿ ಕ್ವೆಶ್ಚನ್ ದಟ್ ನೋಬಡಿ ಆನ್ಸರ್ಡ್’. ‘ದಿ ಥಿಂಗ್ ಯು ಆರ್ ಅಫ್ರೇಡ್ ಆಫ್’, ಬಾಲದ ‘ಆಫ್’ ಬಿಟ್ಟಿಲ್ಲ ಅಲ್ವಾ?

ಆ ನೀರಿನ ಪ್ರಾಜೆಕ್ಟಿನ ಹುಡುಗಿ ಮೂರು ವಾರ ಚೀಟಿ ಹಿಡಿದುಕೊಂಡು ಕೂತಳು. ಒಂದು ದಿನ ಪಾಠ ಮುಗಿದು ಎಲ್ಲರೂ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಬಾಗಿಲ ಹತ್ತಿರ ನಿಂತು, “ಮಿಸ್, ಇದು ಸರಿನಾ ನೋಡಿ” ಅಂತ ಒಂದೇ ಉಸಿರಿನಲ್ಲಿ ಹೇಳಿದಳು: ‘ದಿ ಪ್ರಾಜೆಕ್ಟ್ ಐ ಡಿಡ್ ವಾಸ್ ಅಬೌಟ್ ದಿ ವಾಟರ್ ಪೀಪಲ್ ಡ್ರಿಂಕ್ ಇನ್ ಫೋರ್ ವಿಲೇಜಸ್, ಒನ್ ಆಫ್ ವಿಚ್ ಈಸ್ ಮೈನ್.’ ‘ಒನ್ ಆಫ್ ವಿಚ್’ ನಾನು ಹೇಳಿಕೊಟ್ಟಿರಲಿಲ್ಲ.